‘ಪಕ್ಕಾ’ ಆದ ಹುಡುಗಿ

‘ಪಕ್ಕಾ’ ಎಂಬ ಮಾತು ಕಿವಿಗೆ ಬಿದ್ದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಎಂಬತ್ತರ ದಶಕದ ಶುರುವಿನ ಮಾತು. ಖಾನಾಪುರದಲ್ಲಿ ನಾನು ಪಿಯುಸಿ ಎರಡನೇ ವರ್ಷ ಓದುತ್ತಿದ್ದೆ. ಅಪ್ಪ ನನ್ನನ್ನು ಬೆಳಗಾವಿಯ ಒಂದು ಕಾಲೇಜಿಗೆ ಕರೆದುಕೊಂಡು ಹೋದ. ಪ್ರಿನ್ಸಿಪಾಲರು ನನ್ನ ಅರ್ಧವಾರ್ಷಿಕ ಮಾರ್ಕ್ಸ್ ನೋಡಿ, “ಫಸ್ಟ್ ಕ್ಲಾಸ್ ತಂದ್ರ ಬಿ.ಎಸ್ಸಿ. ಸೀಟು ಪಕ್ಕಾ” ಎಂದರು.

ವಾಪಸು ಬರುವಾಗ ರೈಲು ದೇಸೂರ ದಾಟುವುದರೊಳಗೆ ಅಪ್ಪ ‘ಫಸ್ಟ್ ಕ್ಲಾಸ್ ತಂದ್ರ’ ಎಂಬುದನ್ನು ಬಿಟ್ಟೇಬಿಟ್ಟಿದ್ದ. ಎದುರಿಗೆ ಕೂತ ಗುರುತಿಲ್ಲದವರಿಗೂ, “ನಮ್ಮ ಹುಡುಗೀದು ಪಕ್ಕಾ ಆತ್ರಿ” ಎಂದು ಹೇಳಿದ್ದೇ ಹೇಳಿದ್ದು. ನಮ್ಮ ಕಡೆ ಹುಡುಗಿಯದು ಪಕ್ಕಾ ಆಯಿತೆಂದರೆ ಅರ್ಥ ಒಂದೇ. ಮದುವೆ!

ಮರುದಿನವೇ ಬಾಜೂ ಮನೆಯ ಮರಾಠಿ ಕಾಕು ನನ್ನನ್ನು ಕೇಳವಣಕ್ಕೆ ಕರೆದಳು. ಮದುವೆ ಗೊತ್ತಾದವರನ್ನು ಕರೆದು ಉಣ್ಣಿಸುವ ಊಟ ಅದು. ಪೂರಿ, ಶ್ರೀಖಂಡ ಬಡಿಸಿ ವರ ಏನು ಮಾಡುತ್ತಾನೆಂದು ಕೇಳಿದಳು. “ಮದುವಿ ಅಲ್ಲ ಕಾಕು, ಕಾಲೇಜು” ಎಂದೆ.

“ಯಾವದರ ಆಗಲಿ, ಪಕ್ಕಾ ಆತಲ್ಲ? ಉಣ್ಣು” ಎಂದು ಇನ್ನೆರಡು ಪೂರಿ ಹಾಕಿದಳು.

ಕಾಕುವಿನ ಮೇಲೆ ನನಗೆ ಸಿಟ್ಟಿಲ್ಲ, ಆಕೆ ಪ್ರೀತಿಯಿಂದ ಮಾಡಿದ್ದು. ಸಿಟ್ಟು ಬಂದದ್ದು ನಮ್ಮ ಗಣಿತದ ಸರ್ ಮೇಲೆ. ಬೆಳಿಗ್ಗೆ ಕ್ಲಾಸಿಗೆ ಮೊದಲು ನಾನೂ ಸೇರಿ ಕೆಲವರಿಗಷ್ಟೇ ಅವರು ಹೆಚ್ಚಿನ ಪಾಠ ಹೇಳುತ್ತಿದ್ದರು. ನಾನು ಹೋದರೆ ಬಾಗಿಲಲ್ಲೇ ತಡೆದರು.

“ನಿಂದು ಪಕ್ಕಾ ಆತಂತಲ್ಲವಾ, ನಿನ್ನ ಜಾಗಾಕ್ಕ ಬ್ಯಾರೇದವರನ್ನ ತಗೊಂಡೀನಿ.”

“ಮದುವಿ ಅಲ್ರೀ ಸರ, ಕಾಲೇಜ್ ಸೀಟು.”

“ಹಂಗಾದ್ರ ಇನ್ನೂ ಚಲೋ ಆತು. ಸೀಟ್ ಸಿಕ್ಕಮ್ಯಾಲೆ ಗಣಿತ ಯಾಕ ಬೇಕು?”

ಫಸ್ಟ್ ಕ್ಲಾಸ್ ಬರದಿದ್ದರೆ ಸೀಟಿಲ್ಲ ಎಂದು ಬಿಡಿಸಿ ಹೇಳಿದೆ. ಅವರು ನಕ್ಕು ಒಳಗೆ ಹೋದರು. ಮದುವೆಯಾದರೂ ಓದು ಬೇಡ, ಕಾಲೇಜಾದರೂ ಓದು ಬೇಡ! ಮತ್ತೆ ಯಾವಾಗ ಓದಬೇಕಿತ್ತು ನಾನು? ಮನೆಗೆ ಬಂದು ಅಪ್ಪನ ಮುಂದೆ ಅತ್ತರೆ ಅವನದೂ ಅದೇ ರಾಗ. “ಆಗೇತಲ್ಲವಾ, ಯಾಕ ಚಿಂತಿ ಮಾಡತಿ?”

ಮರುದಿನದಿಂದ ನಾನು ಆ ಕ್ಲಾಸಿನ ಹೊರಗಿನ ಪಡಸಾಲೆಯಲ್ಲಿ ಕಿಟಕಿಗೆ ಒತ್ತಿ ನಿಂತು, ಬೋರ್ಡಿನ ಮೇಲಿನ ಲೆಕ್ಕ ಬರೆದುಕೊಳ್ಳತೊಡಗಿದೆ. ಸರ್ ನೋಡಿದರು. ಒಳಗೆ ಬಾ ಎನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಅವರು ಬೋರ್ಡಿಗೆ ಅಡ್ಡ ನಿಂತಾಗ ತಪ್ಪಿಹೋದ ಸಾಲುಗಳನ್ನು ಮನೆಯಲ್ಲಿ ನಾನೇ ತಿಣುಕಿ ತುಂಬಿಕೊಳ್ಳುತ್ತಿದ್ದೆ. ಹಾಗೆ ತಿಣುಕಿದ್ದರಿಂದಲೇ ಗಣಿತ ತಲೆಗೆ ಹತ್ತಿತು ಎಂದು ಕೆಲವರು ಈಗ ಸಮಾಧಾನ ಹೇಳುತ್ತಾರೆ. ಆ ಸಮಾಧಾನ ನನಗೆ ಬೇಡ. ಒಳಗೆ ಆಗಲೂ ಒಂದು ಬೆಂಚು ಖಾಲಿಯೇ ಇತ್ತು.

ಫಸ್ಟ್ ಕ್ಲಾಸ್ ಬಂತು. ಸರ್ ಮನೆಗೇ ಬಂದರು. ಅವ್ವ ಕೊಟ್ಟ ಪೇಢೆ ಬಾಯಿಗೆ ಹಾಕಿಕೊಂಡು ಅಪ್ಪನಿಗೆ ಹೇಳಿದರು, “ಹುಡುಗೀ ನಸೀಬ ಭಾಳ ಚಲೋ ಐತಿ ನೋಡ್ರಿ.”

ಅಪ್ಪ ಹೂಂ ಎಂದು ತಲೆಯಾಡಿಸಿದ. ನಾನು ಸರ್ ಮುಂದಿದ್ದ ಪೇಢೆಯ ತಾಟು ಎತ್ತಿಕೊಂಡೆ.

“ನಸೀಬ ಅಲ್ರೀ ಸರ,” ಎಂದೆ. “ಓದೀನಿ.”