ಕೆನ್ನೆಯಕ್ಕ ಹಾಕದ ಸೀಲು

ಟವೆಲ್ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಕೆನ್ನೆಯಕ್ಕ ಅಂತಲೇ. ಹದಿನೆಂಟು ವರ್ಷ ಬಟ್ಟೆ ಮಡಚಿ ಮಡಚಿ ಬೆರಳು ಒರಟಾಗಿವೆ. ಅದಕ್ಕೇ ಎಳೆಗೂಸುಗಳ ಟವೆಲನ್ನು ಕೆನ್ನೆಗೆ ಒತ್ತಿ ನೋಡುತ್ತಾಳೆ. ಒಪ್ಪಿಗೆಯಾದರೆ ಬಂಡಲಿನ ಮೇಲೆ ಸೀಲು ಬೀಳುತ್ತದೆ: ‘ಸಾಫ್ಟ್’. ಇಂಗ್ಲಿಷಿನಲ್ಲಿ ಅವಳು ಓದಬಲ್ಲ ಪದ ಅದೊಂದೇ.

ಆ ಪದವನ್ನೇ ಅವಳ ಮುಖಕ್ಕೆ ಹೊಡೆದರಲ್ಲ, ಅದಕ್ಕೇನು ಹೇಳೋಣ! ತಪಾಸಣೆ ಕೋಣೆಯ ಮೇಲ್ವಿಚಾರಕರ ಕುರ್ಚಿ ಖಾಲಿಯಾದಾಗ ಅದು ಅವಳದೇ ಎಂದು ಗೇಟಿನ ಕಾವಲುಗಾರನಿಗೂ ಗೊತ್ತಿತ್ತು. ಮ್ಯಾನೇಜರು ಕರೆಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು: “ಕೆಲಸದಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಅಕ್ಕಾ. ಆದ್ರೆ ನೀವು ತುಂಬಾ ಸಾಫ್ಟು. ಆ ಕುರ್ಚಿಗೆ ಗಟ್ಟಿ ಆಳು ಬೇಕು.” ಗಟ್ಟಿ ಆಳು ಯಾರು? ಮ್ಯಾನೇಜರ ಭಾವಮೈದ! ಬಂದು ಮೂರು ತಿಂಗಳಾಗಿಲ್ಲ, ಗಂಟಲೊಂದೇ ಗಟ್ಟಿ.

ಮನೆಗೆ ಬಂದವಳೇ ಮಗಳ ಕೈಗೆ ಡಿಕ್ಷನರಿ ಕೊಟ್ಟಳು. “ಸಾಫ್ಟ್ ಅಂದ್ರೆ ಏನೇನು ಅರ್ಥ ಇದೆಯೋ ಎಲ್ಲಾ ಓದೇ.”

ಮಗಳು ಓದಿದಳು: ಮೆತ್ತನೆಯ, ನಯವಾದ, ದನಿಯಾದರೆ ಮೆಲುವಾದ, ಬೆಳಕಾದರೆ ಕಣ್ಣು ಕುಕ್ಕದ, ಮನಸ್ಸಾದರೆ ಕರುಣೆಯುಳ್ಳ. ಅಲ್ಲಿಗೆ ನಿಲ್ಲಿಸಿದಳು.

“ಮುಂದೆ ಓದು.”

“ಬೇಡಮ್ಮ... ಗಟ್ಟಿತನ ಇಲ್ಲದ. ಸುಲಭವಾಗಿ ಮಣಿಯುವ.”

“ಮಣಿಯೋದಾ? ನಾನಾ?” ಅವಳ ಮೈಯೆಲ್ಲ ಉರಿಯಿತು. ಅವತ್ತು ಊಟವೂ ಸೇರಲಿಲ್ಲ.

ಮರುದಿನ ಬೆಳಿಗ್ಗೆ, ಹೆರಿಗೆ ಆಸ್ಪತ್ರೆಗೆ ಹೋಗಬೇಕಾದ ನಲವತ್ತು ಬಂಡಲ್ ಅವಳ ಮೇಜಿಗೆ ಬಂದವು. ಹೊರಗೆ ಲಾರಿ ಕಾಯುತ್ತಿತ್ತು. ಅವಸರದಲ್ಲಿ ಭಾವಮೈದ ಒಂದು ಸಲದ ತೊಳೆತವನ್ನೇ ಬಿಡಿಸಿದ್ದ. ನೂಲಿನ ಗಂಜಿ ಪೂರ್ತಿ ಹೋಗಿರಲಿಲ್ಲ. ಕೆನ್ನೆಗೆ ಒತ್ತಿದರೆ ತರಚಿದ ಹಾಗಾಯಿತು.

“ಸೀಲ್ ಹಾಕ್ರೀ!” ಭಾವಮೈದ ಅರಚಿದ.

“ಹಾಕಲ್ಲ. ಇನ್ನೊಂದ್ಸಲ ತೊಳೆಸಿ.”

ಮ್ಯಾನೇಜರು ಓಡಿ ಬಂದರು. “ಹಟ ಮಾಡ್ಬೇಡಿ ಅಕ್ಕಾ. ಕೆಲಸ ಹೋಗುತ್ತೆ, ನೋಡಿ.”

ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ದನಿ ಎತ್ತಲಿಲ್ಲ, ಟವೆಲು ಮುಂದೆ ಚಾಚಿದಳು. “ನಿಮ್ಮನೇಲಿ ಹತ್ತು ದಿನದ ಮೊಮ್ಮಗು ಇದೆಯಲ್ಲ ಸಾರ್. ಅದರ ಮೈನ ಇದರಲ್ಲಿ ಒರೆಸ್ತೀರಾ? ಒರೆಸ್ತೀನಿ ಅನ್ನಿ, ನಲವತ್ತಕ್ಕೂ ಈಗಲೇ ಹಾಕ್ತೀನಿ.”

ಮ್ಯಾನೇಜರು ಟವೆಲು ಮುಟ್ಟಲೂ ಇಲ್ಲ. ಲಾರಿ ಖಾಲಿ ಹೋಯಿತು, ಬಂಡಲುಗಳು ತೊಳೆಯುವ ಮನೆಗೆ ವಾಪಸಾದವು.

ಆ ಕುರ್ಚಿಯಲ್ಲಿ ಇವತ್ತಿಗೂ ಭಾವಮೈದನೇ ಕೂತು ಅರಚುತ್ತಾನೆ. ಅನ್ಯಾಯ, ಅದಕ್ಕೆ ಬೇರೆ ಹೆಸರಿಲ್ಲ. ಆದರೆ ಅವಳು ಕೆನ್ನೆಗೆ ಒತ್ತಿ ನೋಡದ ಒಂದು ಬಂಡಲೂ ಆ ಗೇಟು ದಾಟುವುದಿಲ್ಲ.