ಇಪ್ಪತ್ತೆರಡು ಮನೆ ಖಾಲಿ ಎಂದು ಬರೆದೆ

1966ನೇ ಇಸವಿಯ ಜೂನ್ ತಿಂಗಳಲ್ಲಿ ನಾನು ಕೊಳ್ಳೇಗಾಲದ ಒಂದು ಸಂಸ್ಥೆಯಲ್ಲಿ ಸಂಪರ್ಕಾಧಿಕಾರಿಯಾಗಿ ಕೆಲಸಕ್ಕೆ ಸೇರಿದೆ. ನನ್ನ ಊರು ಯಳಂದೂರು, ವಯಸ್ಸು ಇಪ್ಪತ್ತಾರು. ಕೊಳ್ಳೇಗಾಲ ಮದ್ರಾಸ್ ಸೀಮೆಯಿಂದ ಮೈಸೂರಿಗೆ ಸೇರಿ ಆಗ ಹತ್ತು ವರ್ಷವಾಗಿತ್ತು. ಕಚೇರಿಯ ಹಳೆಯ ಕಡತಗಳಲ್ಲಿ ಅರ್ಧ ತಮಿಳಿನಲ್ಲಿದ್ದವು. ಹನೂರಿನ ಆಚೆಯ ಕಾಡುಗಳಲ್ಲಿ ಬಿದಿರು ಕಡಿಸಿ ಕಾಗದದ ಕಾರ್ಖಾನೆಗಳಿಗೆ ಸಾಗಿಸುವ ದೊಡ್ಡ ಸಂಸ್ಥೆ ಅದು. ಹೆಸರು ಇಲ್ಲಿ ಬೇಡ. ಸಂಸ್ಥೆ ಮುಚ್ಚಿ ಬಹಳ ಕಾಲವಾಯಿತು, ಜೊತೆಗೆ ಈ ಕಥೆಯಲ್ಲಿ ಎದ್ದು ಕಾಣುವ ತಪ್ಪು ನನ್ನದೇ.

ನನ್ನ ಹುದ್ದೆ ಹೊಸದಾಗಿ ಸೃಷ್ಟಿಯಾದದ್ದು. ಸಂಸ್ಥೆಗೆ ಲೀಸ್‌ಗೆ ಸಿಕ್ಕಿದ್ದ ಕಾಡಿನೊಳಗೆ ಸೋಲಿಗರ ಪೋಡುಗಳಿದ್ದವು. ಪೋಡು ಎಂದರೆ ಅವರ ಹಟ್ಟಿ. ಅಲ್ಲಿಯವರನ್ನು ಕಾಡಂಚಿಗೆ ತಂದು, ಹೆಂಚಿನ ಮನೆ ಕಟ್ಟಿಕೊಟ್ಟು, ಉಳಲು ಎರಡೆರಡು ಎಕರೆ ನೆಲ ಕೊಡಬೇಕೆಂದು ಸರ್ಕಾರ ಷರತ್ತು ಹಾಕಿತ್ತು. ಅವರೊಂದಿಗೆ ಮಾತಾಡಿ ಒಪ್ಪಿಸುವುದು, ಆಮೇಲೆ ತಿಂಗಳಿಗೊಮ್ಮೆ ಹೋಗಿ ನೋಡಿ ವರದಿ ಬರೆಯುವುದು ನನ್ನ ಕೆಲಸ. ವರದಿ ಬರೆಯುವುದರಲ್ಲಿ ನನಗೆ ಸ್ವಲ್ಪ ಜಂಬವೇ ಇತ್ತು. ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ, ಒಂದು ಅಕ್ಷರ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ ಎಂದು ಕಚೇರಿಯಲ್ಲಿ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಪಾಲಿಗೆ ಮೊದಲು ಬಂದದ್ದು ಇಪ್ಪತ್ತೆರಡು ಮನೆಗಳ ಒಂದು ಪೋಡು. ಯಜಮಾನರ ಹೆಸರು ಜಡೇಗೌಡ. ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಹೆಂಡತಿ ಕೇತಮ್ಮ ಹಾಗಲ್ಲ. ಕೇಳುವುದನ್ನು ನೇರವಾಗಿ ಕೇಳುತ್ತಿದ್ದರು. ಮೊದಲ ದಿನ ನನ್ನ ಬೂಟು ನೋಡಿ, "ಇದ ಆಕ್ಕಂಡು ಬೆಟ್ಟ ಅತ್ತಿದ್ರಾ ಸಾ? ಕಾಲು ಇನ್ನೂ ಅದಲ್ಲ, ಬುಡಿ" ಎಂದು ನಕ್ಕರು. ಒಂದು ವರ್ಷ ನಾನು ಅವರ ಅಂಗಳದಲ್ಲಿ ಕೂತೆದ್ದೆ. ಅವರು ಕೊಟ್ಟ ರಾಗಿಮುದ್ದೆ, ಕಾಡುಗೆಣಸು ತಿಂದೆ. ಅವರಿಗೆ ಕಾಡು ಬಿಟ್ಟು ಬರುವ ಮನಸ್ಸಿರಲಿಲ್ಲ. ನನ್ನ ಮುಖ ನೋಡಿ ಒಪ್ಪಿದರು ಎಂದರೆ ಬಡಾಯಿ ಅನ್ನಿಸಬಹುದು, ಆದರೆ ನಡೆದದ್ದು ಅದೇ.

ಒಪ್ಪಂದದ ಪತ್ರವನ್ನು ನಾನೇ ಓದಿ ಹೇಳಿದೆ. ಒಂದೊಂದು ಕಲಮಿಗೂ ನಿಲ್ಲಿಸಿ ವಿವರಿಸಿದೆ. ಏಳನೆಯದು ಹೀಗಿತ್ತು: ಸತತ ಎರಡು ತಿಂಗಳ ತಪಾಸಣೆಯಲ್ಲಿ ಮನೆ ಖಾಲಿ ಕಂಡುಬಂದರೆ ಹಂಚಿಕೆ ರದ್ದಾಗುತ್ತದೆ. ಹೆಂಚಿನ ಮನೆಯನ್ನು ಯಾರು ತಾನೇ ಬಿಟ್ಟು ಹೋಗುತ್ತಾರೆ ಎಂದುಕೊಂಡು ಅದೊಂದನ್ನು ಬೇಗ ಬೇಗ ಓದಿಬಿಟ್ಟೆ. ಕೇತಮ್ಮ ಮಾತ್ರ ತಡೆದರು.

"ಸಾವಾಯ್ತದಲ್ಲ ಸಾ, ಆಗ?"

"ಆಗ ಮನೆ ಮಕ್ಕಳ ಹೆಸರಿಗೆ ಬರುತ್ತೆ. ಭಯ ಬೇಡ" ಎಂದೆ. ಜಡೇಗೌಡರು ಹೆಬ್ಬೆಟ್ಟು ಒತ್ತಿದರು. ಉಳಿದ ಇಪ್ಪತ್ತೊಂದು ಮನೆಯವರೂ ಒತ್ತಿದರು.

1967ರ ಕೊನೆಗೆ ಅವರು ಕಾಲೋನಿಗೆ ಇಳಿದು ಬಂದರು. ಒಂದೂವರೆ ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ರಾಗಿ ಬೆಳೆದರು, ಅವರೆ ಹಾಕಿದರು, ಮನೆಯ ಮಾಡಿಗೆ ಕುಂಬಳದ ಬಳ್ಳಿ ಹಬ್ಬಿಸಿದರು. ಮೇಲಿನವರು ನನ್ನ ಬೆನ್ನು ತಟ್ಟಿದರು.

1969ರ ಜುಲೈ ತಪಾಸಣೆಗೆ ಹೋದಾಗ ಕಾಲೋನಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಬಾಗಿಲುಗಳನ್ನು ಮುಂದಕ್ಕೆ ಎಳೆದಿದ್ದರು, ಬೀಗವಿರಲಿಲ್ಲ. ಜಡೇಗೌಡರ ಮನೆಯೊಳಗೆ ಇಣುಕಿದೆ. ನೆಲ ಗುಡಿಸಿತ್ತು, ಬೀಸುಕಲ್ಲು ಮೂಲೆಯಲ್ಲಿತ್ತು, ಬಿತ್ತನೆ ರಾಗಿಯ ಬುಟ್ಟಿ ಜಂತೆಗೆ ತೂಗುತ್ತಿತ್ತು. ಬಿಟ್ಟೇ ಹೋಗುವವರು ಬೀಸುಕಲ್ಲನ್ನೂ ಬೀಜವನ್ನೂ ಬಿಟ್ಟು ಹೋಗುವುದಿಲ್ಲ ಎಂಬುದು ಯಾವ ಹೆಂಗಸಿಗಾದರೂ ಹೊಳೆಯುತ್ತಿತ್ತು. ನನಗೆ ಹೊಳೆಯಲಿಲ್ಲ. ಜೇನಿಗೋ ಕೂಲಿಗೋ ಹೋಗಿರಬೇಕು ಎಂದುಕೊಂಡು ಫಾರಂ ತುಂಬಿದೆ: ಇಪ್ಪತ್ತೆರಡು ಮನೆ, ಖಾಲಿ. ಯಾರೂ ಸಿಗಲಿಲ್ಲ.

ಆಗಸ್ಟಿನಲ್ಲಿ ಮತ್ತೆ ಹೋದೆ. ಜಡಿಮಳೆ ಹಿಡಿದಿತ್ತು, ಹಳ್ಳ ತುಂಬಿ ಹರಿಯುತ್ತಿತ್ತು. ಮನೆಗಳು ಹಾಗೆಯೇ ಇದ್ದವು. ಜೀಪಿನ ಡ್ರೈವರ್ ಮುನಿಸ್ವಾಮಿ ಎದುರಿನ ಬೆಟ್ಟದ ಕಡೆ ಕೈ ತೋರಿಸಿದ.

"ಅಲ್ನೋಡಿ ಸಾ, ಮ್ಯಾಲ ಹೊಗೆ ಏಳ್ತಾದ. ಅವ್ರೇ ಇರ್ಬೇಕು. ಅತ್ತಿ ಓಗಿ ಕೇಳ್ಕಂಡು ಬಂದ್ಬುಡ್ಲಾ?"

"ಬೇಡಪ್ಪ. ನಮ್ಮ ಫಾರಂ ಮನೆಗಳದ್ದು, ಬೆಟ್ಟದ್ದಲ್ಲ" ಎಂದೆ. ಈ ಮಾತನ್ನು ನಾನು ಆಡಿದೆ. ಇಷ್ಟು ವರ್ಷ ಕಳೆದರೂ ಅದನ್ನು ಮರೆಯಲು ಆಗಿಲ್ಲ. ಹತ್ತಲು ಬೇಕಾಗಿದ್ದದ್ದು ಹೆಚ್ಚೆಂದರೆ ಎರಡು ತಾಸು. ಜೀಪಿನಲ್ಲಿ ಕೂತು, ಒದ್ದೆಯಾಗದ ಹಾಗೆ ಬರೆಯುವ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮತ್ತೆ ಅದನ್ನೇ ಬರೆದು ಸಹಿ ಹಾಕಿದೆ.

ಮುಂದಿನದು ಯಂತ್ರ ತಿರುಗಿದ ಹಾಗೆ ನಡೆದುಹೋಯಿತು. ಎರಡು ವರದಿ ಸೇರಿಸಿ ಮುಖ್ಯ ಕಚೇರಿ ಏಳನೆಯ ಕಲಮನ್ನು ಜಾರಿ ಮಾಡಿತು. ಯಾರೂ ಇಲ್ಲದ ಮನೆಗಳ ಬಾಗಿಲಿಗೆ ನೋಟೀಸು ಅಂಟಿಸಿ ಹದಿನೈದು ದಿನ ಕಾದರು. ಅಕ್ಟೋಬರಿನಲ್ಲಿ ಗಡಿಯಾಚೆಯಿಂದ ಬಂದ ಬಿದಿರು ಕಡಿಯುವ ಕೂಲಿಯವರ ಸಂಸಾರಗಳನ್ನು ಅಲ್ಲಿ ಇಳಿಸಿದರು. ಅವರೂ ಬಡವರೇ, ಅವರ ಮೇಲೆ ನನಗೆ ದೂರಿಲ್ಲ. ನಿಜ ಹೇಳಬೇಕೆಂದರೆ ರದ್ದಿನ ಪತ್ರದ ನಕಲು ಕೈಗೆ ಬಂದಾಗ ನನಗೆ ಸೋಲಿಗರ ಮೇಲೆಯೇ ಮುನಿಸು. ಇಷ್ಟೆಲ್ಲ ಓಡಾಡಿ ಮಾಡಿಕೊಟ್ಟರೂ ಒಂದು ಮಾತೂ ಹೇಳದೆ ಹೋದರಲ್ಲ ಎಂದು.

ಡಿಸೆಂಬರಿನ ಒಂದು ಬೆಳಿಗ್ಗೆ ಜಡೇಗೌಡ ಮತ್ತು ಕೇತಮ್ಮ ಕೊಳ್ಳೇಗಾಲದ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದರು. ಹನೂರಿನವರೆಗೆ ನಡೆದು, ಅಲ್ಲಿಂದ ಬಸ್ ಹಿಡಿದು ಬಂದಿದ್ದರು. ಕೇತಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದರು. ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದೆ. ಎಂದೂ ಹೆಚ್ಚು ಮಾತಾಡದ ಜಡೇಗೌಡರು ಅಂದು ಮಾತಾಡಿದರು.

"ಜೂನ್‌ನಲ್ಲಿ ಜ್ವರ ಬಂತು ಸಾ. ಒಂದೇ ತಿಂಗ್ಳಲ್ಲಿ ಮೂರು ಸಾವು. ನಮ್ಮ ಕಿರಿಮಗ್ಳು ಮಾದಿನೂ ಸತ್ತೋದ್ಲು. ಸಾವು ಸಾಲು ಇಡಿದ ಜಾಗದಲ್ಲಿ ನಾವು ಇರಾಕಿಲ್ಲ. ಬುಟ್ಟು ಓಗಿ, ಜಾಗ ತಣ್ಣಗಾದ ಮ್ಯಾಲ ಬತ್ತೀವಿ. ನಮ್ಮ ಅಪ್ಪ, ತಾತನ ಕಾಲದಿಂದ್ಲೂ ಇಂಗೇಯ."

ತಿರುಗಿ ಬಂದಾಗ ಅವರ ಒಲೆಯಲ್ಲಿ ಬೇರೆಯವರ ಅನ್ನ ಬೇಯುತ್ತಿತ್ತು. ಕೇತಮ್ಮ ಒಪ್ಪಂದದ ದಿನ ಸಾವಿನ ವಿಷಯ ಕೇಳಿದ್ದು ಇದಕ್ಕೆ ಎಂದು ನನಗೆ ಆಗ ಗೊತ್ತಾಯಿತು. ನಾನು ಅವರ ಮನೆಯ ವಾರಸುದಾರರ ಬಗ್ಗೆ ಉತ್ತರ ಕೊಟ್ಟಿದ್ದೆ. "ನನಗೆ ಒಂದು ಮಾತು ಹೇಳಿ ಕಳಿಸಬಾರದಿತ್ತೇ?" ಎಂದೆ. ಕೇಳಬಾರದಿತ್ತು. ಕೇತಮ್ಮ ತಲೆಯೆತ್ತಿ ನೋಡಿದರು.

"ನೀವು ಬಂದಿದ್ರಲ್ಲ ಸಾ, ಎಲ್ಡು ಸಲ. ಮ್ಯಾಲಿಂದ ನಿಮ್ಮ ಜೀಪು ನೋಡ್ದೊ. ಸಾ ಬಂದು ಮನೆ ನೋಡ್ಕಂಡು ಓಯ್ತಾವ್ರೆ, ಇನ್ನೇನು ಬಯ ಅಂದ್ಕಂಡು ಸುಮ್ಕಿದ್ದೊ."

ಅದರಲ್ಲಿ ದೂರಿರಲಿಲ್ಲ. ನಡೆದದ್ದನ್ನು ಹೇಳಿದರು, ಅಷ್ಟೇ. ನಾನು ಅವರ ಮನೆ ಕಾಯುತ್ತಿದ್ದೇನೆ ಎಂದು ಇಡೀ ಪೋಡು ಬೆಟ್ಟದ ಮೇಲೆ ಮಳೆಯಲ್ಲಿ ನೆಮ್ಮದಿಯಾಗಿ ಕೂತಿತ್ತು.

ಆ ಮಧ್ಯಾಹ್ನವೇ ಮ್ಯಾನೇಜರರ ಬಳಿ ಹೋಗಿ ನನ್ನ ಎರಡು ವರದಿಗಳನ್ನೂ ಹಿಂದಕ್ಕೆ ಪಡೆಯಬೇಕು ಎಂದೆ. ಅವರು ಕೆಟ್ಟ ಮನುಷ್ಯರಲ್ಲ. ಕಡತ ತರಿಸಿ ನನ್ನ ಮುಂದೆ ಬಿಚ್ಚಿಟ್ಟರು.

"ಇದರಲ್ಲಿ ಯಾವ ಮಾತು ಸುಳ್ಳು, ತೋರಿಸಿ. ತಿದ್ದೋಣ."

ಯಾವುದೂ ಸುಳ್ಳಾಗಿರಲಿಲ್ಲ. ಮನೆ ಖಾಲಿ ಇದ್ದದ್ದು ನಿಜ, ಯಾರೂ ಸಿಗದಿದ್ದದ್ದು ನಿಜ. ಆಮೇಲೆ ಬೆಟ್ಟ ಹತ್ತಿ, ಅವರ ಗುಡಿಸಲುಗಳಲ್ಲಿ ಮೂರು ದಿನವಿದ್ದು, ಆ ಪದ್ಧತಿಯ ಬಗ್ಗೆ ಹದಿನಾಲ್ಕು ಪುಟ ಬರೆದು ಕಳಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಶ್ರದ್ಧೆಯಿಂದ ಏನನ್ನೂ ಬರೆದಿಲ್ಲ. ಎರಡು ಸಾಲಿನ ಉತ್ತರ ಬಂತು: ಮನೆಗಳಲ್ಲಿ ಜನ ವಾಸವಿದ್ದಾರೆ, ಬೇರೆ ಜಾಗ ಲಭ್ಯವಾದಾಗ ಪರಿಶೀಲಿಸಲಾಗುವುದು. ತಾಲ್ಲೂಕು ಕಚೇರಿಗೂ ಅಲೆದೆ. ಜಾಗ ಲಭ್ಯವಾಗಲಿಲ್ಲ. ಬೆಟ್ಟದ ಮೇಲಿನ ಕಾಡು ಲೀಸ್‌ಗೆ ಸೇರಿದ್ದರಿಂದ ಅಲ್ಲಿಂದಲೂ ಅವರನ್ನು ಇಳಿಸಿದರು. ಪೋಡು ಚದುರಿಹೋಯಿತು. ಕೆಲವರು ಕಬ್ಬು ಕಡಿಯಲು ಕುಂತೂರಿನ ಕಡೆ ಹೋದರು, ಜಡೇಗೌಡರು ಸತ್ತೇಗಾಲದ ರೈತರೊಬ್ಬರ ಗದ್ದೆ ಕಾಯಲು ನಿಂತರು. ಕಾಡಿನಲ್ಲಿ ಹುಟ್ಟಿ ಬೆಳೆದ ಯಜಮಾನ ಊರವರ ಭತ್ತ ತಿನ್ನುವ ಹಕ್ಕಿ ಓಡಿಸುತ್ತಾ ಕೂತರು.

1971ರಲ್ಲಿ ಅವರು ತೀರಿಕೊಂಡರು ಎಂದು ಮುನಿಸ್ವಾಮಿ ಬಂದು ಹೇಳಿದ. ನಾನು ಸತ್ತೇಗಾಲದ ಬಸ್ ಹತ್ತಿದಾಗ ನಾಲ್ಕು ದಿನ ಕಳೆದಿತ್ತು. ಗದ್ದೆಯ ಬದುವಿನ ಮೇಲೆ ತೆಂಗಿನ ಗರಿ ಹೊದಿಸಿದ ಜೋಪಡಿ, ಅದರ ಬಾಯಲ್ಲಿ ಕೇತಮ್ಮ ಕೂತಿದ್ದರು. ಹತ್ತಿರ ಹೋಗಿ ಕುಳಿತೆ. ಏನು ಹೇಳಬೇಕೆಂದು ಹೊಳೆಯದೆ, "ನನ್ನಿಂದ ಹೀಗಾಯಿತು" ಎಂದೆ. ಆಕೆ ಜೋಪಡಿಯ ಒಳಗಡೆ ಕೈ ತೋರಿಸಿದರು.

"ಇದೇ ಜೋಪ್ಡೀಲಿ ಓಯ್ತು ಸಾ ಜೀವ. ಈ ಜಾಗ ಬುಟ್ಟು ಓಗ್ಬೇಕು ನಾನು. ಎಲ್ಲಿಗೆ ಓಗಾನ, ನೀವೇ ಯೋಳಿ."

ಅವರ ಪ್ರಶ್ನೆಗಳಿಗೆ ಉತ್ತರ ಹೇಳುವುದಕ್ಕೆಂದೇ ಸಂಬಳ ಪಡೆಯುತ್ತಿದ್ದವನು ನಾನು. ಸುತ್ತಲೂ ಬೇರೆಯವರ ಗದ್ದೆ, ಬೇರೆಯವರ ತೋಟ. ಆಕೆ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅತ್ತೆ.

ಆ ಸಂಸ್ಥೆಯಲ್ಲಿ ಇನ್ನೂ ಆರು ವರ್ಷ, ಬೇರೆ ಕಡೆ ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದೆ. ಖಾಲಿ ಮನೆ ಕಂಡರೆ, ಮನೆಯವರು ಎಲ್ಲಿದ್ದಾರೆ, ಯಾಕೆ ಹೋದರು ಎಂದು ಅವರ ಬಾಯಿಂದಲೇ ಕೇಳುವವರೆಗೆ ಫಾರಂ ಮುಟ್ಟಲಿಲ್ಲ. ಕೈಕೆಳಗಿನ ಹುಡುಗರಿಗೂ ಮೊದಲ ದಿನ ಅದನ್ನೇ ಹೇಳಿಕೊಟ್ಟೆ. ಅವರು ಇದೇನು ಮಹಾ ಪಾಠ ಎಂಬಂತೆ ನೋಡುತ್ತಿದ್ದರು. ಇಷ್ಟು ಸಣ್ಣ ಪಾಠ ನನ್ನ ತಲೆಗೆ ಹತ್ತಲು ಇಪ್ಪತ್ತೆರಡು ಮನೆ ಹೋದವು, ಅದರಲ್ಲಿ ಒಂದೂ ನನ್ನದಾಗಿರಲಿಲ್ಲ.