ಜೋಳ ಕಡಿಯಲು ಕಲಿಸಿದ ಸಾವುಕಾರರು

ಸಾವುಕಾರರ ತುಟಿಯ ಎಡಮೂಲೆಯಲ್ಲಿ ಯಾವಾಗಲೂ ಚೂರು ಬಿಳಿ ಹಿಟ್ಟು ಅಂಟಿಕೊಂಡಿರುತ್ತಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದಾಗಿನಿಂದ ಸಂಜೆ ದೀಪ ಹಚ್ಚುವವರೆಗೆ ಜೋಳದ ಕಾಳು ಬಾಯಿಗೆ ಹಾಕಿ ಕಡಿಯುವುದೇ ಅವರ ಕೆಲಸ. ಕಡಿದು, ನಾಲಗೆಯ ಮೇಲೆ ಆಡಿಸಿ, ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ‘ಹಂ’ ಅನ್ನುತ್ತಿದ್ದರು, ಇಲ್ಲವೆ ಸುಮ್ಮನಿರುತ್ತಿದ್ದರು. ಆ ‘ಹಂ’ ಎಂಬ ಒಂದು ಸದ್ದಿಗೆ ಸೊಲ್ಲಾಪುರದ ದವಸದ ಗಲ್ಲಿಯಲ್ಲಿ ನಲವತ್ತು ವರ್ಷಗಳಿಂದ ಬೆಲೆಯಿತ್ತು.

ಎಲೆಅಡಿಕೆ ಇಲ್ಲ, ತಂಬಾಕು ಇಲ್ಲ. ಸುತ್ತಲಿನ ಅಂಗಡಿಗಳಲ್ಲಿ ದಿನಕ್ಕೆ ಎಂಟು ಸಲ ಚಹಾ ಆಗುತ್ತಿದ್ದರೆ ಇವರು ಬಾಗಿಲು ಹಾಕಿದ ಮೇಲಷ್ಟೇ ಒಂದು ಬಟ್ಟಲು ಕುಡಿಯುವವರು. ‘ನಾಲಿಗಿ ಸುಟ್ಟುಕೊಂಡು ಕುಂತರ ಅಂಗಡಿ ಯಾರು ನಡಸ್ಬೇಕು?’ ಅನ್ನುತ್ತಿದ್ದರು. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ. ಜೋಳದ ಧೂಳು ಕೂತು ಕೂತು ಹುಬ್ಬುಗಳು ಕೂಡ ಬಿಳಿಯಾಗಿದ್ದವೋ ಅಥವಾ ವಯಸ್ಸಿಗೇ ಆಗಿದ್ದವೋ, ನನಗೆ ಕೊನೆಗೂ ತಿಳಿಯಲಿಲ್ಲ.

ನಾನು ಅವರಲ್ಲಿಗೆ ಹೋದದ್ದು ಒಂದು ಶಿಕ್ಕೆಗಾಗಿ, ಅಂಗಡಿಯ ಮುದ್ರೆಗಾಗಿ. ನಮ್ಮೂರು ತಡವಳದಲ್ಲಿ ಏಳನೆಯವರೆಗೆ ಕನ್ನಡ ಶಾಲೆ, ಆಮೇಲೆ ಎಲ್ಲ ಮರಾಠಿಯಲ್ಲೇ ಓದಿ ಸೊಲ್ಲಾಪುರದಲ್ಲಿ ಎಂ.ಕಾಂ.ಗೆ ಸೇರಿದ್ದೆ. ಆಗಷ್ಟೇ ಹೊಸ ಶಿಕ್ಷಣ ನೀತಿ ಬಂದಿತ್ತು. ಪುಸ್ತಕ ಓದಿದರೆ ಸಾಲದು, ಎರಡು ತಿಂಗಳು ಎಲ್ಲಾದರೂ ಕೆಲಸ ಮಾಡಿ ಕಲಿತು ಬರಬೇಕು, ಕಲಿಸಿದವರು ಒಂದು ನಮೂನೆ ತುಂಬಿ ಸಹಿ ಮಾಡಿ ಶಿಕ್ಕೆ ಒತ್ತಬೇಕು ಎಂದು ನಿಯಮ. ಕೆಲಸ ಬೇಡುವವರಾಗಬೇಡಿ, ಕೊಡುವವರಾಗಿ, ಉದ್ಯಮ ಕಟ್ಟಿ ಎಂದು ನಮ್ಮ ಸರ್ ವರ್ಗದಲ್ಲಿ ಕೈ ಎತ್ತಿ ಎತ್ತಿ ಹೇಳುತ್ತಿದ್ದರು. ನನ್ನ ಗೆಳತಿಯರು ಒಂದು ಮೊಬೈಲ್ ಅಂಗಡಿಗೆ ಹೋಗಿ ಐದು ನಿಮಿಷದಲ್ಲಿ ಶಿಕ್ಕೆ ಹಾಕಿಸಿಕೊಂಡು ಬಂದರು. ನನಗೆ ಅಂಗಡಿಕಾರರ ಪೈಕಿ ಗೊತ್ತಿದ್ದವರು ಇವರೊಬ್ಬರೇ. ನನ್ನ ಸೋದರಮಾವ ಪ್ರತಿವರ್ಷ ಜೋಳ ತಂದು ಹಾಕುತ್ತಿದ್ದದ್ದು ಇವರ ಅಂಗಡಿಗೆ.

‘ಸಾವ್ಕಾರ್ರ, ಒಂದು ಸಹಿ ಬೇಕಾಗಿತ್ರಿ. ಎರಡು ತಿಂಗಳ ನಿಮ್ಮ ಅಂಗಡ್ಯಾಗ ಕೆಲಸ ಮಾಡೀನಿ ಅಂತ.’

‘ಮಾಡೀಯೇನು?’

‘ಇಲ್ರಿ. ಎಲ್ಲಾರೂ ಹಂಗ ತಗೋತಾರ್ರಿ.’

ಅವರು ಕಾಗದವನ್ನು ನನ್ನ ಕೈಗೇ ಕೊಟ್ಟು ನೀರಿನ ತಂಬಿಗೆ ಮುಂದಿಟ್ಟರು. ‘ನೀರು ಕುಡಿ, ಬಿಸಲಾಗ ಬಂದಿ. ನಾಳಿ ಹತ್ತಕ್ಕ ಬಾ. ಶಿಕ್ಕಾ ಎಲ್ಲೂ ಓಡಿ ಹೋಗಂಗಿಲ್ಲ.’

ಮೈಯೆಲ್ಲ ಉರಿದುಹೋಯಿತು. ಆದರೂ ಮರುದಿನ ಹೋದೆ, ಬೇರೆ ದಾರಿ ಇರಲಿಲ್ಲ. ಮೊದಲ ವಾರ ಅವರು ನನ್ನಿಂದ ಮಾಡಿಸಿದ್ದು ಒಂದೇ ಕೆಲಸ: ಬಂದವರಿಗೆ ನೀರು ಕೊಡುವುದು. ನೀರು ಕೊಟ್ಟ ಮೇಲೆ ಮೂಲೆಯಲ್ಲಿ ಕೂತು ಕೇಳಿಸಿಕೊಳ್ಳುವುದು. ಎಂ.ಕಾಂ. ಹುಡುಗಿ ತಂಬಿಗೆ ಹಿಡಿದು ನಿಲ್ಲುವುದೆಂದರೆ ನನಗೆ ಸಾಕಷ್ಟು ಅವಮಾನವೇ. ಒಂದು ದಿನ ಸ್ವಲ್ಪ ಸಿಟ್ಟಿನಲ್ಲೇ ಕೇಳಿದೆ: ‘ರಿಪೋರ್ಟ್ ಬರೀಬೇಕ್ರಿ ನಾ. ನಿಮ್ಮ ಧಂದಾದ ಗುಟ್ಟರ ಏನ್ರಿ?’

‘ಬರಕೋ,’ ಅಂದರು. ನಾನು ವಹಿ ತೆಗೆದೆ. ‘ನನ್ನ ಗಿರಾಕಿ ಚೀಲಾ ಬಿಚ್ಚಿ ನೋಡಂಗಿಲ್ಲ.’ ಪೆನ್ನು ಹಿಡಿದು ಕಾದೆ. ‘ಅಷ್ಟ. ಮುಗೀತು.’

ಅದು ನಿಜವಾಗಿತ್ತು. ಅವರ ದೊಡ್ಡ ಗಿರಾಕಿಗಳೆಂದರೆ ಕಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು. ಅವರಲ್ಲಿ ಒಬ್ಬರು, ನಾವೆಲ್ಲ ರೊಟ್ಟಿ ಅಕ್ಕ ಅನ್ನುವವರು, ಹತ್ತು ಹೆಂಗಸರನ್ನು ಕೂಡಿಸಿಕೊಂಡು ಅಂಗಳದಲ್ಲಿ ಒಲೆ ಹೂಡಿದ್ದರು. ಜೋಳ ಹಸಿಯಿದ್ದರೆ ಚೀಲದಲ್ಲೇ ಕಾವು ಹಿಡಿದು ಮುಗ್ಗುತ್ತದೆ, ರೊಟ್ಟಿ ನಾರುತ್ತದೆ, ಒಂದು ಸಲದ ಮಾಲು ಕೆಟ್ಟರೆ ಹತ್ತೂ ಮನೆಯ ಒಲೆ ತಣ್ಣಗಾಗುತ್ತದೆ. ಅಂಥವರು ಬಾಗಿಲಲ್ಲಿ ನಿಂತು ‘ಎರಡು ಚೀಲ ಕಳಸ್ರಿ’ ಎಂದು ಹೇಳಿ ಹೋಗಿಬಿಡುತ್ತಿದ್ದರು.

ಎರಡನೇ ವಾರ ಕಡಿಯುವ ವಿದ್ಯೆ ಶುರುವಾಯಿತು. ಮನೆಯ ಮಾಳಿಗೆಯ ಮೇಲೆ ಒಂದು ದಿನ ಒಣಗಿದ್ದು, ಮೂರು ದಿನ ಒಣಗಿದ್ದು, ಇಬ್ಬನಿಗೆ ಇಟ್ಟದ್ದು ಎಂದು ಐದು ಬಟ್ಟಲುಗಳಲ್ಲಿ ಕಾಳು ತರುತ್ತಿದ್ದರು. ನೋಡಲು ಐದೂ ಒಂದೇ. ಒಣ ಕಾಳು ಹಲ್ಲಿಗೆ ಸಿಕ್ಕಕೂಡಲೇ ಟಕ್ಕೆಂದು ಎರಡಾಗುತ್ತದೆ. ಹಸಿಯದು ಸದ್ದಿಲ್ಲದೆ ಚಪ್ಪಟೆಯಾಗುತ್ತದೆ. ನಡುವಿನವುಗಳನ್ನು ಗುರುತಿಸುವುದೇ ಕಷ್ಟ. ನಾನು ತಪ್ಪಿದಾಗ ಬೈಯುತ್ತಿರಲಿಲ್ಲ. ‘ಕಣ್ಣು ಬಿಳೇದು ಕಂಡಕೂಡ್ಲೆ ಚಲೋ ಅಂತದ. ಅದರ ಮಾತು ಕೇಳಬ್ಯಾಡ,’ ಎಂದು ಇನ್ನೊಂದು ಕಾಳು ಕೊಡುತ್ತಿದ್ದರು. ದವಡೆ ನೋಯುತ್ತಿತ್ತು. ಐದಕ್ಕೆ ಐದೂ ಸರಿ ಹೇಳಿದ ದಿನ ಅವರು ಗಾದಿಯ ಮೇಲೆ ಸ್ವಲ್ಪ ಸರಿದು ನನಗೆ ಪಕ್ಕದಲ್ಲಿ ಜಾಗ ಮಾಡಿದರು. ಮೇಜಿನ ಬಳಿ ಲೆಕ್ಕ ಬರೆಯುತ್ತಿದ್ದ ತಮ್ಮ ಮಗನಿಗೆ ಹೇಳಿದರು: ‘ಇವತ್ತಿನಿಂದ ಜ್ವಾಳಾ ಈಕಿ ನೋಡ್ತಾಳ. ಈಕಿ ಹೂಂ ಅಂದ್ರ ನಾ ಹೂಂ ಅಂದಂಗ.’

ಯಾವ ಪರೀಕ್ಷೆ ಪಾಸಾದಾಗಲೂ ಅಷ್ಟು ಖುಷಿಯಾಗಿರಲಿಲ್ಲ. ಆ ದಿನಗಳು ಇನ್ನಷ್ಟು ಇರಬೇಕಿತ್ತು ಅಂತ ಈಗಲೂ ಅನ್ನಿಸುತ್ತದೆ.

ಅದಾಗಿ ಒಂದು ವಾರವಾಗಿರಬೇಕು, ಮಾವ ತಡವಳದಿಂದ ಟೆಂಪೋದಲ್ಲಿ ಎಂಟು ಚೀಲ ಜೋಳ ತಂದ. ಅಪ್ಪ ಬೇಡವೆಂದರೂ ಹಟ ಹಿಡಿದು ನನ್ನನ್ನು ಸೊಲ್ಲಾಪುರಕ್ಕೆ ಓದಲು ಕಳಿಸಿದವನು ಈ ಮಾವನೇ. ಅಂಗಡಿಯ ಗಾದಿಯ ಮೇಲೆ ನಾನು ಕೂತದ್ದನ್ನು ಕಂಡು ಅವನ ಮುಖ ಅರಳಿತು. ಟೆಂಪೋದವನಿಗೆ ‘ನೋಡೋ, ನಮ್ಮ ಹುಡುಗಿ. ಇನ್ನ ಈಕೀನ ಪಾಸ್ ಮಾಡಾಕಿ,’ ಎಂದ. ಆಮೇಲೆ ನನ್ನ ಹತ್ತಿರ ಬಗ್ಗಿ ದನಿ ತಗ್ಗಿಸಿದ: ‘ರಾಶಿ ಮಾಡೂ ಮುಂದ ಒಂದೀಟು ಮಳಿ ಬಿದ್ದಿತ್ತವಾ. ಎರಡು ದಿನ ಒಣಗ್ಸೀನಿ.’

ಚೀಲಕ್ಕೆ ಕಬ್ಬಿಣದ ಕೊಳವೆ ಚುಚ್ಚಿ ಕಾಳು ತೆಗೆದೆ. ಬೆಳ್ಳಗೆ, ದುಂಡಗೆ ಇತ್ತು. ಕಡಿದೆ. ಸದ್ದಾಗಲಿಲ್ಲ. ಇನ್ನೊಂದು ಚೀಲದ್ದು ಕಡಿದೆ, ಅದೂ ಹಾಗೆಯೇ. ಮಾವ ನನ್ನ ಬಾಯನ್ನೇ ನೋಡುತ್ತಿದ್ದ.

‘ಚಲೋ ಐತ್ರಿ,’ ಅಂದೆ.

ಸಾವುಕಾರರು ಎರಡು ಮಾರು ಆಚೆ ಕೂತಿದ್ದರು. ಕಾಳು ಟಕ್ಕೆನ್ನಲಿಲ್ಲ ಎನ್ನುವುದು ಅವರ ಕಿವಿಗೆ ಬಿದ್ದಿರಲೇಬೇಕು. ಎದ್ದು ಬಂದು ತಾವೊಂದು ಕಾಳು ಕಡಿಯಬಹುದಿತ್ತು. ಕಡಿಯಲಿಲ್ಲ. ‘ಇಳಸ್ರಿ,’ ಎಂದರು ಹಮಾಲರಿಗೆ.

ನಾಲ್ಕು ದಿನ ನಾನು ಆ ಚೀಲಗಳ ಕಡೆ ಹೋಗಲಿಲ್ಲ. ಐದನೇ ದಿನ ಯಾರೂ ಇಲ್ಲದಾಗ ಒಂದರೊಳಗೆ ಮೊಣಕೈಮಟ ಕೈ ಹಾಕಿದೆ. ಒಳಗೆ ಬೆಚ್ಚಗಿತ್ತು. ಅದೇ ಹೊತ್ತಿಗೆ ಬಾಗಿಲಲ್ಲಿ ರೊಟ್ಟಿ ಅಕ್ಕ. ‘ಎರಡು ಚೀಲ ಕಳಸ್ರಿ ಸಾವ್ಕಾರ್ರ. ಅಕ್ಕಲಕೋಟ್ಯಾಗ ದರ್ಶನಕ್ಕ ಮಂದಿ ಭಾಳ ಬರಾಕತ್ತಾರ. ರೊಟ್ಟಿ ಸಾಲವಲ್ವು.’

ಸಾವುಕಾರರು ನನ್ನ ಕಡೆ ತಿರುಗಿದರು. ‘ಹೇಳವಾ, ಯಾವ ಜ್ವಾಳಾ ಕೊಡೂಣು? ಈ ತಡವಳದ್ದು ಕೊಡೂಣೇನು?’

ಬಾಯಿ ತೆರೆದೆ. ‘ಹಸಿ ಐತಿ’ ಎಂಬ ಎರಡು ಮಾತು ಸಾಕಿತ್ತು. ಮಾವನ ಮುಖ ಕಣ್ಣಮುಂದೆ ಬಂತು, ಆಮೇಲೆ ನನ್ನದೇ ಮುಖ. ಕೈಗೆ ಹತ್ತಿದ್ದ ಧೂಳು ಕೊಡವತೊಡಗಿದೆ. ಅವರು ಕಾದರು. ಕೈಯಲ್ಲಿದ್ದ ಚೀಲ ಹೊಲಿಯುವ ಸುತಳಿಯನ್ನು ನಿಧಾನವಾಗಿ ಉಂಡೆ ಸುತ್ತುತ್ತ, ಸುತ್ತಿ ಮುಗಿಯುವವರೆಗೂ ಕಾದರು.

‘ಅದು ಬ್ಯಾಡವ್ವಾ,’ ಎಂದರು ಆಮೇಲೆ ರೊಟ್ಟಿ ಅಕ್ಕನಿಗೆ. ‘ಹಸಿ ಅದ. ನಾನ ನೋಡಿ ತಗೊಂಡಿದ್ದೆ. ನೋಡೂದ್ರಾಗ ತಪ್ಪಿದೆ.’

‘ನೀವು ತಪ್ಪಿದ್ರೇನು?’ ಅಕ್ಕ ನಕ್ಕುಬಿಟ್ಟರು. ಮಗ ಮೇಜಿನಿಂದ ತಲೆ ಎತ್ತಿ ನೋಡಿದ.

ಪೇಟೆಯಲ್ಲಿ ಮಾತು ಹರಡಲು ಎಷ್ಟು ಹೊತ್ತು ಬೇಕು? ಎರಡೇ ದಿನಕ್ಕೆ ಬಂದವರೆಲ್ಲ ‘ಸಾವ್ಕಾರ್ರ, ಇವತ್ತ ಸರಿಯಾಗಿ ಕಡದೀರಿಲ್ಲೋ?’ ಎಂದು ಚೇಷ್ಟೆ ಮಾಡತೊಡಗಿದರು. ಅವರೂ ಜೊತೆಗೆ ನಗುತ್ತಿದ್ದರು. ಮಾವನ ಎಂಟೂ ಚೀಲವನ್ನು ಮಾಳಿಗೆಯ ಮೇಲೆ ಹರವಿ ಒಣಗಿಸಿ ದನಗಳಿಗೆ ತಿನ್ನಿಸುವವರಿಗೆ ಅಗ್ಗಕ್ಕೆ ಮಾರಿದರು. ಮಾವನಿಗೆ ಒಂದು ಮಾತು ಹೇಳಲಿಲ್ಲ. ತಿಂಗಳು ತುಂಬುವುದರೊಳಗೆ ಮಗ ತೇವ ಅಳೆಯುವ ಮಶೀನು ತಂದ. ಅವನದು ತಪ್ಪಲ್ಲ, ಅಪ್ಪನಿಗೆ ವಯಸ್ಸಾಯಿತು ಎಂದುಕೊಂಡ. ಮಶೀನು ಗಾದಿಯ ಹತ್ತಿರ ಬಂತು, ಸಾವುಕಾರರಿಗೆ ಒಳಗೆ ಚೀಲಗಳ ಸಂದಿಯಲ್ಲಿ ಒಂದು ಕುರ್ಚಿ ಬಿತ್ತು. ನಾನು ನೋಡುತ್ತಿದ್ದೆ. ಒಂದು ಮಾತು ಹೇಳಿದ್ದರೆ ಅವರು ಗಾದಿ ಬಿಟ್ಟು ಕದಲಬೇಕಿರಲಿಲ್ಲ.

ಕೊನೆಯ ದಿನ ನಮೂನೆ ಹಿಡಿದು ಒಳಗೆ ಹೋದೆ. ‘ಓದಿ ಹೇಳು, ಏನೇನು ಕೇಳ್ಯಾರ,’ ಎಂದರು. ವೇಳೆಗೆ ಸರಿಯಾಗಿ ಬರುವುದು, ಗಿರಾಕಿಯ ಜೊತೆ ಮಾತು, ಹೊಸದನ್ನು ಕಲಿಯುವ ಆಸೆ, ಪ್ರಾಮಾಣಿಕತೆ. ಪ್ರತಿಯೊಂದಕ್ಕೂ ಹತ್ತು ಅಂಕ. ಮೊದಲ ಮೂರಕ್ಕೆ ಹತ್ತಕ್ಕೆ ಹತ್ತು ಬರೆದರು. ನಾಲ್ಕನೆಯದನ್ನು ಖಾಲಿ ಬಿಟ್ಟು, ಕೆಳಗೆ ಸಹಿ ಮಾಡಿ, ಶಿಕ್ಕೆ ಒತ್ತಿದರು.

‘ಇದೊಂದು ನೀನ ತುಂಬು. ನಿನಗ ಗೊತ್ತಿರ್ತದ.’

ಬಸ್ ಸ್ಟ್ಯಾಂಡಿನ ಕಲ್ಲುಕಟ್ಟೆಯ ಮೇಲೆ ಕೂತು ಹತ್ತು ಎಂದು ಬರೆದೆ. ಅವರ ಅಕ್ಷರದ ಹಾಗೇ ಕಾಣಬೇಕೆಂದು ಸ್ವಲ್ಪ ಓರೆಯಾಗಿ ಬರೆದೆ. ಸರ್ ಅದನ್ನು ವರ್ಗದಲ್ಲಿ ಎಲ್ಲರಿಗೂ ತೋರಿಸಿ, ಉದ್ಯಮಿ ಅಂದರೆ ಹೀಗಿರಬೇಕು ಎಂದರು.

ಉದ್ಯಮಿಯೂ ಆದೆ. ರೊಟ್ಟಿ ಅಕ್ಕನ ಹತ್ತಿರವೇ ಕಡಕ್ ರೊಟ್ಟಿ ಕಲಿತು ಅಕ್ಕಲಕೋಟೆಯಲ್ಲಿ ಆರು ಹೆಂಗಸರೊಂದಿಗೆ ಸಣ್ಣದೊಂದು ಕೇಂದ್ರ ಹಾಕಿದೆ. ಅಕ್ಕನ ಎದುರು ಕೂತು ಎಷ್ಟು ಸಲ ಹಿಟ್ಟು ನಾದಿದ್ದೇನೋ, ಒಂದು ದಿನವೂ ಬಾಯಿ ಬಿಡಲಿಲ್ಲ. ಮೊದಲ ಪೊಟ್ಟಣ ತೆಗೆದುಕೊಂಡು ಸಾವುಕಾರರಲ್ಲಿಗೆ ಹೋದೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಅವರು ಚೂರು ಮುರಿದು ತಿಂದರು.

‘ಜ್ವಾಳಾ ಎಲ್ಲಿದು?’

‘ಮಂದ್ರೂಪದ್ರಿ.’

‘ಕಡದು ನೋಡಿದಿ?’

‘ನೋಡೀನ್ರಿ.’

‘ಹಂ,’ ಅಂದರು. ಎಷ್ಟೋ ದಿನದ ಮೇಲೆ ಕೇಳಿದ ‘ಹಂ’. ನಾನು ಮಾತು ತೆಗೆಯುವಷ್ಟರಲ್ಲಿ ಅವರೇ ಕೇಳಿದರು: ‘ನಿಮ್ಮ ಮಾವ ಆರಾಮ ಅದಾನಿಲ್ಲೋ?’ ‘ಆರಾಮ ಅದಾನ್ರಿ,’ ಅಂದೆ. ಮುಂದಿನ ಸಲ ಹೇಳಿದರಾಯಿತು ಎಂದುಕೊಂಡು ಎದ್ದು ಬಂದೆ. ಮುಂದಿನ ಸಲವೂ ಹಾಗೇ ಎದ್ದು ಬಂದೆ.

ಕಳೆದ ಶ್ರಾವಣದಲ್ಲಿ ಅವರು ಹೋದರು. ಮೂರನೇ ದಿನ ಮಾವನೇ ‘ಮಾತಾಡ್ಸಿ ಬರೂಣು ನಡಿ’ ಎಂದು ಮೋಟರ್‌ಸೈಕಲ್ ಮೇಲೆ ಕರೆದುಕೊಂಡು ಹೋದ. ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿದ್ದರು. ಗಂಡಸರ ಕಡೆ ಮಾವ ಕೂತ, ನಾನು ರೊಟ್ಟಿ ಅಕ್ಕನ ಪಕ್ಕದಲ್ಲಿ. ಸಾವುಕಾರರ ಹೆಂಡತಿ, ನಾವು ಅವ್ವಾರು ಅನ್ನುವವರು, ಗೋಡೆಗೆ ಆನಿಸಿ ಕಣ್ಣು ಮುಚ್ಚಿ ಕೂತಿದ್ದರು.

‘ಹದಿನೈದು ವರ್ಷ ಜ್ವಾಳಾ ಒಯ್ದೀನ್ರಿ,’ ಎಂದು ರೊಟ್ಟಿ ಅಕ್ಕ ಕಣ್ಣೊರೆಸಿಕೊಂಡರು. ‘ಒಂದ ಸಲ ತಪ್ಪಿದ್ರು ನೋಡ್ರಿ. ಅದೂ ತಾವ ಹೇಳಿದ್ರು, ದೇವರಂಥ ಮನಶಾ.’

‘ಆವಾಗ ಅಪ್ಪನ ನಾಲಿಗಿ ರುಚಿ ಹೋಗಿತ್ತು,’ ಎಂದ ಮಗ ಮೆತ್ತಗೆ. ‘ಅದಕ್ಕ ಮಶೀನ್ ತಂದ್ವಿ.’ ಎಲ್ಲರೂ ಹೌದೆಂಬಂತೆ ತಲೆಯಾಡಿಸಿದರು. ಮಾವನೂ ಆಡಿಸಿದ.

‘ಅವ್ರು ತಪ್ಪಿರ್ಲಿಲ್ಲರಿ,’ ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ‘ಆ ಜ್ವಾಳಾ ಅವ್ರು ಕಡದ ಇರ್ಲಿಲ್ಲ. ನಾ ಕಡದಿದ್ದೆ. ಹಸಿ ಐತಿ ಅಂತ ಗೊತ್ತಿದ್ದೂ ಚಲೋ ಐತಿ ಅಂದಿದ್ದೆ. ಅದು ನಮ್ಮ ಮಾವಂದು.’

ಮಾವ ಜಮಖಾನೆಯ ಅಂಚನ್ನು ನೋಡುತ್ತ ಕೂತುಬಿಟ್ಟ. ಅವ್ವಾರು ಕಣ್ಣು ತೆರೆದು ಮುಂದಕ್ಕೆ ಬಾಗಿದರು.

‘ಇನ್ನೊಮ್ಮೆ ಹೇಳವ್ವಾ,’ ಎಂದರು. ‘ನಮ್ಮ ಹುಡುಗಗ ಕೇಳೂ ಹಂಗ ಹೇಳು.’

ನಾನು ಇನ್ನೊಮ್ಮೆ ಹೇಳಿದೆ. ಈ ಸಲ ಏನೂ ಬಿಡದೆ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಬರೆದ ಹತ್ತರವರೆಗೆ. ಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಕೇಳಬೇಕಾದವರೆಲ್ಲ ಕೇಳಿಸಿಕೊಂಡರು. ಸುತಳಿ ಸುತ್ತುತ್ತ ಈ ಮಾತಿಗಾಗಿ ಕಾದಿದ್ದವರೊಬ್ಬರು ಮಾತ್ರ ಅಲ್ಲಿರಲಿಲ್ಲ.